ಕಾಗದದ ಮ್ಯಾಲಿನ ಕಬ್ಜಾ

ನಾನು ಸಿದ್ದಾಪುರದ ಭೀಮಕ್ಕ. ಮಹಿಳಾ ಸಂಘದಾಗ ಬ್ಯಾಂಕಿನ ಕಾಗದ ಓದಿ ಹೇಳಾಕಿ. ನನ್ನ ಬಾಯಿ ಜರಾ ಜೋರು, ಮದಲ ಹೇಳಿಬಿಡ್ತೀನಿ.

ಅವತ್ತು ಮಧ್ಯಾಹ್ನ ಬಾಜೂಮನಿ ಅಫ್ಸಾನಾ ಓಡಿ ಬಂದ್ಲು. "ಅಕ್ಕಾ, ಗಂಗಾವತಿಯಾಗ ಸಾಲ ಕಟ್ಟದವ್ರ ಮನಿ ಬ್ಯಾಂಕಿನವ್ರು ಹರಾಜಿಗೆ ಇಟ್ಟಾರ. ಅರ್ಧಾ ರೇಟು! ಇವತ್ತ ಸಂಜಿ ನಾಕರೊಳಗ ಮುಂಗಡ ಕಟ್ಟಬೇಕಂತ."

ಆಕಿ ಗಂಡ ರೆಹಮಾನ ಕುವೈತಿನಾಗ ಕ್ರೇನ್ ನಡಸ್ತಾನ. ಅವನ ಒಂಬತ್ತು ವರ್ಷದ ದುಡಿಮಿ ಇದರಾಗ ಹೊಂಟಿತ್ತು. ಈಕಿ ಆಗಲೇ ಕಿಟಕಿ ಪರದಾಕ್ಕ ಅರಿವಿ ತಂದಿದ್ಲು. ಕೂಸು ಹುಟ್ಟೂಕಿಂತ ಮದಲ ಕುಲಾವಿ ಹೊಲಿಸಿದಂಗ!

"ಮನಿ ನೋಡೀಯೇನ?"

"ಏಜೆಂಟ್ ಮನಿ ಫೋಟೊ, ಹರಾಜಿನ ನೋಟೀಸ್ ಎರಡೂ ಕಳಿಸ್ಯಾನಲ್ಲ."

ಆಕಿ ಫೋನ್ ಹಚ್ಚಿದ್ರ ರೆಹಮಾನನೂ ಧೈರ್ಯಾನ ಹೇಳಿದ. "ನೋಟೀಸಿನಾಗ ಸ್ವಾಧೀನ ಅಂತ ಬರದೈತಿ ಭೀಮಕ್ಕ. ಸ್ವಾಧೀನ ಅಂದ್ರ ಕಬ್ಜಾ. ಕಬ್ಜಾ ಬ್ಯಾಂಕಿಂದು ಅಂದಮ್ಯಾಲೆ ಏನ ಅಂಜಿಕಿ?"

ಆ ನೋಟೀಸ್ ಕಣ್ಣಾಗ ಎಣ್ಣಿ ಬಿಟ್ಕೊಂಡು ಓದಿದೆ. "ಒಂದು ಶಬ್ದಾನ ನುಂಗೀಯಲ್ಲೋ ತಮ್ಮಾ! 'ಸಾಂಕೇತಿಕ ಸ್ವಾಧೀನ' ಅಂತೈತಿ. ಗೋಡಿಗೆ ನೋಟೀಸ್ ಅಂಟಿಸ್ಯಾರ, ಅಷ್ಟ. ಕೀಲಿ ಇನ್ನೂ ಬ್ಯಾಂಕಿನ ಕೈಗೆ ಬಂದಿಲ್ಲ."

ಅಫ್ಸಾನಾ ಸಿಟ್ಟಿಗೆದ್ಲು. "ನಿಮಗ ಎಲ್ಲಾದರಾಗೂ ಸಂಶಯ!"

"ಹಂಗಾರ ನಡಿ, ನೋಡೇ ಬಿಡೂಣು."

ಆಟೋ ಹತ್ತಿದ್ವಿ. ದಾರಿ ತುಂಬ ಏಜೆಂಟನ ಫೋನು. "ಲಗೂನ ಕಟ್ರಿ, ಬ್ಯಾರೆಯವ್ರು ಕಾಯಾಕತ್ಯಾರ." ಪ್ರತಿ ಸಲಾ ಅಫ್ಸಾನಾ "ಕಟ್ಲೇನಕ್ಕಾ?" ಅಂತ ಕೇಳತಿದ್ಲು. ನನಗೂ ಹೆದರಿಕಿನ. ನಾನ ತಪ್ಪಿದ್ರ ಜಲ್ಮ ಪೂರ್ತಿ ಬೈಸ್ಕೋಬೇಕು.

ಮೂರೂವರಿಗೆ ಆ ಮನಿ ಮುಂದ ನಿಂತ್ವಿ. ಅಂಗಳದಾಗ ಕೂಸಿನ ಅರಿವಿ ಒಣಗಾಕತ್ತಿದ್ವು. ಒಬ್ಬ ಅಜ್ಜಿ ಕದಾ ತಗದ್ಲು.

"ಹರಾಜಿನವ್ರೇನು? ಕೋರ್ಟಿನಾಗ ಕೇಸ್ ಐತ್ರಿ. ನಾವು ಎಲ್ಲಿಗೂ ಹೋಗಂಗಿಲ್ಲ."

ಆಕಿ ಹಿಂದ ಬಾಣಂತಿ ಮಗಳು ತೊಟ್ಟಿಲಾ ತೂಗತಿದ್ಲು. ಅಫ್ಸಾನಾ ವಿಡಿಯೋ ಕಾಲ್ ಹಚ್ಚಿ ಫೋನ್ ಆ ಕಡೆ ತಿರುಗಿಸಿದ್ಲು. ಕುವೈತಿನಾಗ ರೆಹಮಾನ ಎಲ್ಲಾ ನೋಡಿದ.

"ಕಟ್ಟಬ್ಯಾಡ," ಅಂದ. "ಮನಿಗೆ ಹೋಗು."

ವಾಪಸ್ ಬರೂಮುಂದ ಅಫ್ಸಾನಾ ಅತ್ತು ಬಿಟ್ಲು. "ಆ ಬಾಣಂತಿನ್ನ ಹೊರಗ ಹಾಕಿ ನನ್ನ ಪರದಾ ಕಟ್ಟಾಕ ಹೊಂಟಿದ್ನಲ್ಲಕ್ಕಾ!"

ಪರದೇಶದಾಗ ದುಡಿಯಾಕತ್ತ ಅಣ್ಣತಮ್ಮಂದಿರ, ಹರಾಜಿನ ಮನಿ ತಗೊಳ್ಳೂದು ತಪ್ಪಲ್ರಿ. ಆದ್ರ ಕಬ್ಜಾ ಯಾರ ಕಡೆ ಐತಿ, ಕೇಸ್ ಐತೇನು, ತೆರಿಗಿ ಬಾಕಿ ಐತೇನು, ಬ್ಯಾಂಕಿಗೇ ನಿಮ್ಮವ್ರನ್ನ ಕಳಿಸಿ ಕೇಳಸ್ರಿ. ವಕೀಲರಿಗೆ ಕಾಗದ ತೋರಸ್ರಿ. ಏಜೆಂಟನ ಕೈಯಾಗ ರೊಕ್ಕ ಕೊಡಬ್ಯಾಡ್ರಿ, ನಿಮ್ಮ ಖಾತೆಯಿಂದ ಬ್ಯಾಂಕಿನ ಖಾತೆಗೇ ಹಾಕ್ರಿ. ಹರಾಜಿನಾಗ ಗೆದ್ದಮ್ಯಾಲೆ ಉಳಿದ ರೊಕ್ಕ ವ್ಯಾಳ್ಯಾಕ್ಕ ಕಟ್ಟದಿದ್ರ ಮುಂಗಡಾನೂ ಮುಳುಗತೈತಿ. ಮತ್ತ ಎಲ್ಲಾಕ್ಕಿಂತ ಮದಲ, ನಿಮ್ಮವ್ರು ಒಬ್ಬರು ಹೋಗಿ ಆ ಮನಿ ಕದಾ ಬಡೀಲಿ. ಫೋಟೊದಾಗ ಮನಿ ಕಾಣತೈತ್ರಿ, ಒಳಗಿರೂ ಮಂದಿ ಕಾಣಂಗಿಲ್ಲ.