ಕಡಲು ಕೊಡವಿದ ಹಾಸುಬಟ್ಟೆ

ತುಟಿಯ ಮೇಲೆ ಉಪ್ಪು, ಮತ್ತೆ ಉಪ್ಪು, ದೋಣಿ ಒಂದು ಅಲೆ ಹತ್ತಿ ಇಳಿದರೆ ಸಾಕು ಮುಖಕ್ಕೆ ಬೊಗಸೆ ನೀರು ಎರಚುತ್ತದೆ, ಕಣ್ಣೊರೆಸಿಕೊಂಡು ಅವಳು ಮೊದಲು ನೋಡಿದ್ದು ಅಕ್ಕನ ಮುಖ — ಅಲ್ಲೂ ನೀರು ಇಳಿಯುತ್ತಿದೆ, ಅಕ್ಕ ಒರೆಸಿಕೊಳ್ಳುತ್ತಿಲ್ಲ, ತಾನು ಒರೆಸಲೋ ಬೇಡವೋ, ಒರೆಸಿದರೆ ಅಕ್ಕನ ಮಗ ಮತ್ತೆ ಶುರುಮಾಡುತ್ತಾನೆ, ನೋಡಿದ್ರಾ ಚಿಕ್ಕಮ್ಮ, ಅಮ್ಮನಿಗೆ ನೀರು ಬಿದ್ದಿದ್ದೂ ಗೊತ್ತಾಗಲ್ಲ, ದೋಣಿ ಗೀಣಿ ಬೇಡ ಅಂತ ಬಡ್ಕೊಂಡೆ ನಾನು. ಒಳ್ಳೆಯ ಹುಡುಗನೇ, ತಾಯಿಯ ತೇಲು ಜಾಕೀಟಿನ ಪಟ್ಟಿಯನ್ನು ಹೊರಟಾಗಿನಿಂದ ಕೈಬಿಟ್ಟಿಲ್ಲ, ಆದರೆ ಲಕ್ವ ಹೊಡೆದು ಅಕ್ಕನ ಬಲಗೈಯೂ ಮಾತೂ ಹೋದ ಮೇಲೆ ಅವನು ತಾಯಿಯ ಎದುರಿಗೇ ತಾಯಿ ಇಲ್ಲವೇನೋ ಎಂಬಂತೆ ಮಾತಾಡುತ್ತಾನೆ, ಅಮ್ಮ ಈಗ ಬೀಗ ಹಾಕಿದ ಮನೆ ಚಿಕ್ಕಮ್ಮ, ತಟ್ಟಿದ್ರೆ ನಮ್ಮ ಕೈ ನೋಯುತ್ತೆ ಅಷ್ಟೇ. ಒಳಗೆ ಇದ್ದಾಳೆ ಕಣೋ. ನಿಮಗೆ ಹೇಗೆ ಗೊತ್ತು? ಹೇಗೆ ಗೊತ್ತು ಅಂದರೆ ಏನು ಹೇಳುವುದು, ಗೊತ್ತು, ಒಲೆಯ ಬೂದಿಯ ಮೇಲೆ ಕೈ ಹಿಡಿದರೆ ಕೆಂಡ ಇದೆಯೋ ಇಲ್ಲವೋ ತಿಳಿಯುವುದಿಲ್ಲವೇ, ಹಾಗೆ, ಆದರೆ ಅಂಗೈಗೆ ತಾಕಿದ ಬಿಸಿಯನ್ನು ಇನ್ನೊಬ್ಬರ ಅಂಗೈಗೆ ದಾಟಿಸುವುದು ಹೇಗೆ, ಇವತ್ತೂ ಏನೂ ಆಗದಿದ್ದರೆ ಆ ಬೀಗದ ಮಾತೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ತಟ್ಟುವವರೂ ಇರುವುದಿಲ್ಲ.

ದೋಣಿಗೆ ಹೋಗೋಣ ಎಂದದ್ದು ಅಕ್ಕನೇ ಅಲ್ಲವೇ, ಇವತ್ತಲ್ಲ, ಎಂದೋ, ಒಂದೇ ಮನೆಗೆ ಸೊಸೆಯರಾಗಿ ಬಂದ ವಾರಗಿತ್ತಿಯರು ಒಂದೇ ಹೋಟೆಲಿನ ಲಾಂಡ್ರಿಗೆ ಹೋಗುತ್ತಿದ್ದ ಕಾಲದಲ್ಲಿ, ಇವಳು ತೊಟ್ಟಿಯ ಹತ್ತಿರ, ಅಕ್ಕ ಆ ತುದಿಯಲ್ಲಿ ಕಿಟಕಿಯ ಕೆಳಗೆ ಮಡಿಸುವ ಮೇಜಿನ ಮುಂದೆ, ದೋಣಿಗೆ ಹೋಗಿಬಂದವರ ಟವೆಲುಗಳು ಗಂಟುಗಂಟಾಗಿ ಬರುತ್ತಿದ್ದವು, ಉಪ್ಪು ಕೂತು ಹಪ್ಪಳದಂತೆ ಸೆಟೆದು, ಇನ್ನೊಬ್ಬರ ಉಪ್ಪು ತೊಳ್ದೇ ಹೋಯ್ತಲ್ಲೇ ನಮ್ಮ ಜನ್ಮ, ಒಂದ್ಸಲ ನಮ್ಮ ಟವೆಲ್ಲೂ ಉಪ್ಪಾಗ್ಲಿ, ಬೇರೆ ಯಾರಾದ್ರೂ ಒಗೀಲಿ — ನಗುತ್ತಿದ್ದಳು ಅಕ್ಕ, ಹಲ್ಲೆಲ್ಲ ಕಾಣುವಂತೆ, ಈಗ ಬಾಯಿ ಒಂದು ಕಡೆ ಜಾರಿದೆ, ಅಮ್ಮ ಅನ್ನಿ, ನೀರು ಅನ್ನಿ, ಎಲ್ಲರೂ ಆ ಬಾಯಿಯ ಮುಂದೆ ಕೂತು ಅನ್ನಿಸಿದ್ದೇ ಅನ್ನಿಸಿದ್ದು, ತಾನೂ ಕೂತಿದ್ದಳಲ್ಲ, ಒಂದು ಅಕ್ಷರ ಬರಲಿಲ್ಲ, ಇಂಜಿನ್ನು ಗುಡುಗುಡು ಅನ್ನುತ್ತಿದೆ, ಹಲಗೆಯ ನಡುಕ ಹಲ್ಲಿಗೆ ಬರುತ್ತಿದೆ, ಬಂದ್ವು ಬಂದ್ವು ಎಂದು ದೋಣಿಯವನು ಕೂಗಿದ, ಎಡಗಡೆ ನೀರು ಸೀಳಿಕೊಂಡು ಡಾಲ್ಫಿನ್ನುಗಳು, ಬೂದುಬಣ್ಣದ ನುಣ್ಣನೆ ಬೆನ್ನು, ಒಂದು ಮುಳುಗುವಷ್ಟರಲ್ಲಿ ಇನ್ನೊಂದು, ಮುಖದಲ್ಲಿ ತುಂಟ ನಗೆ, ಅಕ್ಕ ಬಲಕ್ಕೆ ತಿರುಗಿ ಕೂತಿದ್ದಾಳೆ, ನೋಡು ಅಕ್ಕಾ ನೋಡು, ಈ ಸದ್ದಿನಲ್ಲಿ ಯಾರಿಗೆ ಕೇಳಬೇಕು, ಆಗ ತನ್ನ ಕೈ, ತನ್ನನ್ನು ಕೇಳದೆಯೇ, ಮೇಲೆದ್ದು ಅಂಗೈಗೆ ಅಂಗೈ ಎರಡು ಸಲ ಬಡಿದು ಎಡಕ್ಕೆ ಬೀಸಿತು — ಹೊಸ ಗಂಟು ಬಂತು, ಆ ಕಡೆ.

ಅಕ್ಕ ಎಡಕ್ಕೆ ತಿರುಗಿದಳು. ತಿರುಗಿ ನೋಡಿ, ಮಡಿಲಿನಲ್ಲಿ ಬಿದ್ದಿದ್ದ ಎಡಗೈ ಎತ್ತಿ ಹೆಬ್ಬೆರಳಿನಿಂದ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿದಳು — ಎಷ್ಟು? ಅಯ್ಯೋ ನನ್ನವ್ವ, ಎಷ್ಟು ಅಂತ ಕೇಳುತ್ತಿದ್ದಾಳೆ, ಯಂತ್ರಗಳು ತಿರುಗುವಾಗ ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳದ ಆ ಲಾಂಡ್ರಿಯಲ್ಲಿ ಕೈಯೇ ನಾಲಿಗೆ, ಗಂಟು ಬಂತು, ಎಷ್ಟು, ಸೋಪು ಸಾಲದು, ಮೇಸ್ತ್ರಿ ಬಂದ ನಗಬೇಡ, ವರ್ಷಗಟ್ಟಲೆ ಹೀಗೇ ಹರಟೆ ಹೊಡೆದವರು, ಮನೆಗೆ ಬಂದರೆ ಬಾಯಲ್ಲಿ ಮಾತು, ಆ ಕೈಮಾತನ್ನು ಏಪ್ರನ್ನಿನ ಜೊತೆ ಗೋಡೆಯ ಮೊಳೆಗೆ ತಗುಲಿಸಿ ಬರುತ್ತಿದ್ದರು, ಅದು ಅಲ್ಲೇ ಉಳಿಯಿತು, ಯಾರಿಗೂ ನೆನಪಾಗಲಿಲ್ಲ, ತನಗೂ, ಮುಂಬಾಗಿಲಲ್ಲಿ ನಿಂತು ಬಡಿದದ್ದೇ ಬಡಿದದ್ದು, ಹಿತ್ತಿಲ ಬಾಗಿಲು ತೆರೆದೇ ಇತ್ತಲ್ಲ! ಯಾಕೆ ಚಿಕ್ಕಮ್ಮ ಅಳ್ತಿದ್ದೀರಾ? ಅಳ್ತಿಲ್ವೋ, ಉಪ್ಪುನೀರು, ನಿಮ್ಮಮ್ಮ ಮಾತಾಡಿದ್ಳು, ಕೈ ನೋಡು ಕೈ! ಅದು ನರದ ಸೆಳೆತ, ಡಾಕ್ಟ್ರು ಹೇಳಿರ್ಲಿಲ್ವಾ, ಸುಮ್ಮನೆ ಆಸೆ ಇಟ್ಕೋಬೇಡಿ ಅಂತ. ಸೆಳೆತವಂತೆ, ಇರು ಮಗನೇ.

ಇಂಜಿನ್ನು ನಿಂತಿತು, ಯಾರೂ ಸದ್ದು ಮಾಡ್ಬೇಡಿ ಎಂದ ದೋಣಿಯವನು, ಇಲ್ಲಿ ದೊಡ್ಡ ತೊರಕೆ ಮೀನು ಮೇಯುತ್ತೆ, ಮಾಂಟಾ ಅಂತಾರೆ, ರೆಕ್ಕೆ ಬಿಚ್ಚಿದ್ರೆ ಈ ದೋಣಿಗಿಂತ ಅಗಲ — ಹಸಿರು ನೀರಿನ ಅಡಿಯಲ್ಲಿ ಕಪ್ಪು ನೆರಳೊಂದು ಜರುಗಿತು, ರೆಕ್ಕೆಯನ್ನು ಮೆಲ್ಲಗೆ ಎತ್ತಿ ಮೆಲ್ಲಗೆ ಇಳಿಸಿ, ಆತುರವೇ ಇಲ್ಲ, ಇನ್ನೊಂದು ಅದರ ಹಿಂದೆ, ಅವಳು ಉಸಿರು ಹಿಡಿದಳು, ದೋಣಿಯೂ ಹಿಡಿಯಿತು, ಆಮೇಲೆ ನೀರು ಒಡೆಯಿತು, ಆ ದೊಡ್ಡ ಮೈ ಪೂರ್ತಿ ಮೇಲೆದ್ದು ಗಾಳಿಯಲ್ಲಿ ಹರಡಿಕೊಂಡಿತು, ಹೊಟ್ಟೆಯೆಲ್ಲ ಬಿಳಿ, ಇಬ್ಬರು ನಾಲ್ಕು ಮೂಲೆ ಹಿಡಿದು ಕೊಡವಿದ ಹಾಸುಬಟ್ಟೆ, ಅಂಚು ಒಂದಿಷ್ಟು ಅದುರಿ, ಆ ಬಿಳಿಯ ನಡುವೆ ಕಪ್ಪು ಚುಕ್ಕೆಗಳು, ಶಾಯಿ ಚೆಲ್ಲಿದ ಹಾಗೆ — ಧಡಾರ್ ಎಂದು ಬಿತ್ತು, ಎಲ್ಲರೂ ತೊಯ್ದರು, ಅವಳು ಅಕ್ಕನ ಕಡೆ ನೋಡಿದಳು, ಅಕ್ಕನ ಎಡಗೈ ಮೇಲೇರಿದೆ, ತೋರುಬೆರಳು ಕೆನ್ನೆಯನ್ನು ಚುಚ್ಚಿತು, ಹೆಬ್ಬೆರಳು ಭುಜದ ಹಿಂದಕ್ಕೆ ಹಾರಿತು. ಕಲೆ ಇದೆ. ವಾಪಸ್ ತೊಳಿ. ತಾನು ಒಗೆದ ಎಷ್ಟು ಹಾಸುಬಟ್ಟೆಗಳನ್ನು ಮೇಜಿನಿಂದ ಹಿಂದಕ್ಕೆ ಅಟ್ಟಿದ ಬೆರಳು ಅದು, ಎಷ್ಟು ಸಲ ಶಪಿಸಿದ್ದಳೋ ಆ ಬೆರಳನ್ನು, ಇವತ್ತು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಏನಂತೆ ಚಿಕ್ಕಮ್ಮ, ಏನಂದ್ರು? ಸಮುದ್ರ ಸರಿಯಾಗಿ ಒಗೆದಿಲ್ವಂತೆ ಕಣೋ, ಕಲೆ ಹಾಗೇ ಉಳಿದಿದೆಯಂತೆ, ಹಿಂದಕ್ಕೆ ಹಾಕು ಅಂತಿದ್ದಾಳೆ! ಹುಡುಗ ನೀರಿನ ಕಡೆ ನೋಡಿದ, ಆ ಚುಕ್ಕೆಗಳನ್ನು ಅವನೂ ಕಂಡಿದ್ದ, ಪಟ್ಟಿ ಅವನ ಕೈಯಿಂದ ಜಾರಿತು, ತಾಯಿಯ ಮುಂದೆ ಮೊಣಕಾಲೂರಿ, ಚಿಕ್ಕಮ್ಮನನ್ನಲ್ಲ, ತಾಯಿಯನ್ನೇ ಕೇಳಿದ, ಹೌದೇನಮ್ಮಾ, ಕಲೆ ಇದೆಯಾ? ಅಕ್ಕ ಮಗನನ್ನು ನೋಡಿದಳು, ಜಾರಿದ ತುಟಿಯ ಗಟ್ಟಿಯಾಗಿದ್ದ ಕೊನೆ ಮೇಲಕ್ಕೆ ಹೋಯಿತು, ಎಡಗೈ ಮತ್ತೆ ಕೆನ್ನೆಗೆ, ಈ ಸಲ ತನ್ನ ಕೆನ್ನೆಗಲ್ಲ, ಅವನ ಕೆನ್ನೆಗೆ, ಹೆಬ್ಬೆರಳು ಹಿಂದಕ್ಕೆ — ನಿನ್ನನ್ನೂ ತೊಳೀಬೇಕು — ಅಷ್ಟರಲ್ಲಿ ಅವನ ಬೆನ್ನ ಹಿಂದೆ ನೀರು ಮತ್ತೆ ಒಡೆಯಿತು, ಬಿಳಿ, ಅಗಲ, ಕಪ್ಪು ಚುಕ್ಕೆ, ನಾಲ್ಕು ಮೂಲೆಯೂ ಬಿಗಿಯಾಗಿ, ಗಾಳಿಯಲ್ಲಿ, ಬೀಳದೆ, ಬಿಳಿ ಹಾಸುಬಟ್ಟೆ, ಇನ್ನೂ ಬೀಳದೆ —