ಮಾವನ ಕಿವಿಯೂ ಸೈಕಲ್ ಹ್ಯಾಂಡಲ್ಲೂ

ಮಾವನ ಎಡಗಿವಿಯ ಪಕ್ಕ ಕ್ಷೌರದ ಕತ್ತಿ ಜಾರಿತು. ಗಾಯ ಎಳ್ಳಷ್ಟೇ. ಆದರೆ ಇಪ್ಪತ್ತು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿದ್ದ ಅಳಿಯನ ಮುಖ ಬಿಳಿಚಿಕೊಂಡಿತು.

"ಎರಡು ಕಿವಿಯೂ ಇರಲಪ್ಪ," ಎಂದರು ಮಾವ, ಪಟಿಕ ಒತ್ತಿಕೊಳ್ಳುತ್ತ. "ಕನ್ನಡಕ ನಿಲ್ಲೋಕೆ ಬೇಕು."

ಅಳಿಯನಿಗೆ ನಗು ಬರಲಿಲ್ಲ. ತಿಂಗಳಿಂದ ಬಲಗೈಯ ಕೊನೆಯ ಎರಡು ಬೆರಳಿಗೆ ಜೋಮು. ಯಾವುದೋ ನರದ ಕಾಯಿಲೆ, ಇನ್ನು ಅಂಗಡಿಗೆ ಬೀಗವೇ ಗತಿ ಎಂದು ಒಳಗೊಳಗೇ ಬೆವರುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ. ಮಾವನ ಕಿವಿ ಹೇಳಿಬಿಟ್ಟಿತು.

ಸಂಜೆ ಹೆಂಡತಿ ತನ್ನ ಅಕ್ಕನನ್ನು ಕರೆಸಿದಳು. ಅಕ್ಕ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅವನ ಕೈ, ಕತ್ತು ಒತ್ತಿ ನೋಡಿ ಕೇಳಿದಳು: "ಜೋಮು ಯಾವಾಗ ಜಾಸ್ತಿ?"

"ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆಯುವಾಗ."

"ಅಂಗಡಿಗೆ ಹೇಗೆ ಹೋಗ್ತೀಯ?"

ಗೋಡೆಗೆ ಒರಗಿ ನಿಂತಿತ್ತು ಉತ್ತರ: ತಿಂಗಳ ಹಿಂದಷ್ಟೇ ಕೊಂಡ ರೋಡ್ ಬೈಕ್, ರೇಸಿನವರು ಓಡಿಸುವಂಥ ಸೈಕಲ್. ಹ್ಯಾಂಡಲ್ ಸೀಟಿಗಿಂತ ನಾಲ್ಕು ಬೆರಳು ಕೆಳಗೆ.

ಹೆಂಡತಿ ಸೀಟು ಹಿಡಿದುಕೊಂಡಳು, ಅವನು ಹತ್ತಿ ಕೂತ. ಬೆನ್ನು ಮಡಚಿತು, ಕತ್ತು ಆಮೆಯಂತೆ ಎದ್ದಿತು, ಮೈಭಾರವೆಲ್ಲ ಅಂಗೈ ಮೇಲೆ ಬಿತ್ತು.

"ಕಿರುಬೆರಳಿನ ನರ ಹಾದುಹೋಗೋದು ಈ ಅಂಗೈಯಲ್ಲೇ. ದಿನಾ ಅರ್ಧ ಗಂಟೆ ಅದನ್ನ ಜಜ್ಜುತ್ತಿದ್ದೀಯ. ಹ್ಯಾಂಡಲ್ ಎತ್ತಿಸು," ಎಂದಳು ಅಕ್ಕ.

"ಎತ್ತಿದರೆ ಪೋಸ್ಟ್‌ಮ್ಯಾನ್ ಸೈಕಲ್ ಆಗುತ್ತೆ, ಅತ್ತಿಗೆ. ರೇಸಿನವರೆಲ್ಲ ಹೀಗೇ ಬಗ್ಗೋದು."

"ರೇಸಿನವರು ಇಳಿದ ಮೇಲೆ ಯಾರ ಗಡ್ಡಾನೂ ಹೆರೆಯಲ್ಲ."

ಪಕ್ಕದಲ್ಲೇ ಕೂತಿದ್ದ ಮಾವ ಜೋರಾಗಿ ಹ್ಞೂಂಗುಟ್ಟಿದರು.

"ನಿನ್ನ ಕುರ್ಚೀಲಿ ಯಾರೇ ಬಂದು ಕೂರಲಿ, ಮೊದಲು ಏನು ಮಾಡ್ತೀಯ?" ಅಕ್ಕ ಮತ್ತೆ ಕೇಳಿದಳು.

"ಅವರ ಎತ್ತರಕ್ಕೆ ಕುರ್ಚಿ ಹೊಂದಿಸ್ತೀನಿ."

"ಈ ಸೈಕಲ್ ನಿನಗೆ ಹೊಂದಿಸಿದ್ದು ಯಾರು?"

ಯಾರೂ ಇಲ್ಲ. ಸೈಕಲ್ ಅಂಗಡಿಯಲ್ಲಿ ಹೇಗಿತ್ತೋ ಹಾಗೇ ತಂದಿದ್ದ.

ಮರುದಿನ ರಿಪೇರಿಯವನು ಹ್ಯಾಂಡಲ್ ಹಿಡಿದಿರುವ ತುಂಡಿನ ಮೇಲಿದ್ದ ಬಳೆಯಂಥ ಬಿಲ್ಲೆಗಳನ್ನು ಅದರ ಕೆಳಕ್ಕೆ ಸೇರಿಸಿ, ಆ ತುಂಡನ್ನು ಮೇಲ್ಮುಖ ಮಾಡಿ, ಹ್ಯಾಂಡಲನ್ನು ಹೆಚ್ಚುಕಮ್ಮಿ ಸೀಟಿನ ಮಟ್ಟಕ್ಕೆ ತಂದ. ಅಳಿಯ ಅರೆಮನಸ್ಸಿನಿಂದಲೇ ಹತ್ತಿದ. ಬೀದಿಯ ಕೊನೆ ಮುಟ್ಟುವಾಗ, ಕತ್ತೆತ್ತುವ ಕಷ್ಟವಿಲ್ಲದೆ ದಾರಿ ಕಂಡಿತು.

ಮೂರು ವಾರದ ಮೇಲೆ ಮಾವ ಮತ್ತೆ ಕುರ್ಚಿಯಲ್ಲಿ. ಅಳಿಯನ ಕಿರುಬೆರಳಿಗೆ ಕತ್ತಿಯ ಹಿಡಿ ತಣ್ಣಗೆ ತಾಕಿತು. ಅವನು ಉಸಿರು ಬಿಟ್ಟ.

"ಏನಾಯ್ತಪ್ಪ?"

"ನಿಮ್ಮ ಗಡ್ಡ ಚುಚ್ತಿದೆ, ಮಾವ. ಬೆರಳಿಗೆ ಗೊತ್ತಾಗ್ತಿದೆ."

"ಹಾಗಾದರೆ ಕಿವಿ ಹತ್ತಿರಾನೂ ಬಾ," ಎಂದು ಮಾವ ಕಣ್ಣು ಮುಚ್ಚಿದರು.

ನೀವೂ ನಿಮ್ಮ ಸೈಕಲ್ ಹತ್ತಿ ನೋಡಿ. ಮೊಣಕೈ ತುಸು ಮಡಚಿರಲಿ, ಹ್ಯಾಂಡಲ್ ಮೇಲೆ ಬೆರಳುಗಳು ಸಲೀಸಾಗಿ ಆಡಲಿ. ಕತ್ತು ಹಿಡಿದರೆ, ಕೈ ಜೋಮುಗಟ್ಟಿದರೆ, ಹ್ಯಾಂಡಲ್ ಎತ್ತಿಸಿ. ಬೋಲ್ಟ್ ಬಿಗಿಯಾಗಿದೆಯೇ ಎಂದೂ ನೋಡಿಸಿ. ಆಮೇಲೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನಿಮ್ಮ ಮಾವನ ಕಿವಿ ಬಂದು ಹೇಳಲಿ ಎಂದು ಕಾಯಬೇಡಿ.