ವಿಲಾ ಮಾತು ಮುಗಿಸುವವರೆಗೆ

ನನ್ನ ಮಾವ ಲೈಲ್ ಹರಾಜು ಕೂಗುವವರು. ಪೂರ್ವ ಇಂಡಿಯಾನಾದ ನಮ್ಮ ಕಡೆ ಯಾರ ಟ್ರ್ಯಾಕ್ಟರ್, ಯಾರ ಅಜ್ಜಿಯ ಕಪಾಟು ಮಾರಾಟಕ್ಕೆ ಬಂದರೂ ಕೂಗು ಅವರದೇ. ಅವರ ಬಾಯಿ ಓಡಲು ಶುರುವಾದರೆ ಮೂಲೆಯಲ್ಲಿ ಸುಮ್ಮನೆ ಕಾಫಿ ಕುಡಿಯುತ್ತಿದ್ದವನೂ ಕೈ ಎತ್ತುತ್ತಾನೆ. ಮೌನ ಬಿದ್ದರೆ ಮಾಲಿನ ಬೆಲೆ ಬಿತ್ತು ಎನ್ನುವುದು ಅವರ ಧರ್ಮ.

ಅವರ ಮಗಳು, ನನ್ನ ನಾದಿನಿ ವಿಲಾ, ಹದಿನೇಳರ ಹುಡುಗಿ. ಯಾವ ಪ್ರಶ್ನೆಗೂ ತಕ್ಷಣ ಉತ್ತರ ಕೊಡುವವಳಲ್ಲ. ಕೇಳಿದ್ದನ್ನು ಒಳಗೆ ತೆಗೆದುಕೊಂಡು ಹೋಗಿ, ಎಲ್ಲ ಮಗ್ಗುಲಿನಿಂದ ನೋಡಿ, ಆಮೇಲೆ ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಅವಳ ಪರವಾಗಿ ಲೈಲ್ ಉತ್ತರ ಕೊಟ್ಟಾಗಿರುತ್ತದೆ. ಶಾಲೆಯಲ್ಲಿ ಒಳ್ಳೆಯ ಅಂಕಗಳೇ ಬರುತ್ತಿದ್ದವು. ಆದರೆ ತರಗತಿಯಲ್ಲಿ ಮಾತಾಡುವುದಿಲ್ಲ ಎಂಬ ದೂರು ವರ್ಷವೂ ತಪ್ಪುತ್ತಿರಲಿಲ್ಲ.

ಮೇ ಒಂದರೊಳಗೆ ಅವಳು ಕಾಲೇಜು ತೀರ್ಮಾನಿಸಬೇಕಿತ್ತು. ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ರಾಜ್ಯದ ದೊಡ್ಡ ವಿಶ್ವವಿದ್ಯಾಲಯ. ಅವಳ ಅಣ್ಣ, ನನ್ನ ಗಂಡ ಗ್ಯಾರೆಟ್ ಓದಿದ್ದು ಅಲ್ಲಿ. ನಾನೂ ಅಲ್ಲೇ ಓದಿದೆ, ನಾವು ಭೇಟಿಯಾದದ್ದೂ ಅಲ್ಲೇ. ಇನ್ನೊಂದು ಓಹಾಯೋದ ಹ್ಯಾಲೋವೆಲ್. ಜೋಳದ ಹೊಲಗಳ ನಡುವೆ ಮೌನವಾಗಿ ಕೂತು ಪ್ರಾರ್ಥಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಹಿಂದೆ ಕಟ್ಟಿದ ಪುಟ್ಟ ಕಾಲೇಜು. ಅಲ್ಲಿ ಯಾರನ್ನೂ ಇಂಥದೇ ಕೆಲಸಕ್ಕೆಂದು ತಯಾರು ಮಾಡುವುದಿಲ್ಲ. ಗಣಿತದವರೂ ಕಾವ್ಯ ಓದಬೇಕು, ಚಿತ್ರ ಬರೆಯುವವರೂ ಜೀವಶಾಸ್ತ್ರ ಕಲಿಯಬೇಕು. ಅಲ್ಲಿನ ಒಟ್ಟು ವಿದ್ಯಾರ್ಥಿಗಳಿಗಿಂತ ಹೆಚ್ಚು ಜನ ತಮ್ಮ ಒಂದು ಶನಿವಾರದ ಹರಾಜಿಗೆ ಬರುತ್ತಾರೆ ಎಂದು ಲೈಲ್ ನಗುತ್ತಿದ್ದರು.

ನಗುವಿನ ಹಿಂದೆ ಏನಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡು ಚಳಿಗಾಲಗಳ ಹಿಂದೆ ಹಿಮಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ಗ್ಯಾರೆಟ್ ತೀರಿಕೊಂಡ. ಅವನು ಓಡಾಡಿದ ಜಾಗದಲ್ಲಿ ಇನ್ನೊಂದು ಮಗು ಓಡಾಡಲಿ ಎಂಬ ಆಸೆ ಅವರದು. ನೀನೂ ಅಲ್ಲಿ ಓದಿದವಳಲ್ಲವೇ, ಅವಳಿಗೊಂದು ಮಾತು ಹೇಳು ಎಂದು ನನ್ನನ್ನು ಕೇಳಿದ್ದರು. ನಾನು ಹೇಳಲಿಲ್ಲ. ಆಗ ನನಗೆ ಯಾವುದರ ಬಗೆಗೂ ಅಭಿಪ್ರಾಯವೆಂಬುದು ಇರಲಿಲ್ಲ.

ಮೊದಲು ದೊಡ್ಡದನ್ನು ನೋಡಿ ಬಂದೆವು. ನಮ್ಮತ್ತ ಮುಖಮಾಡಿ ಹಿಮ್ಮುಖವಾಗಿ ನಡೆಯುತ್ತಲೇ ವಿವರಣೆ ಕೊಡುವ ಹುಡುಗ, ಸಿನಿಮಾ ಮಂದಿರದಂಥ ತರಗತಿಗಳು. ಆ ಸಂಜೆ ಪಾತ್ರೆ ಒರೆಸುತ್ತಾ ವಿಲಾ ನನಗೆ ಹೇಳಿದಳು: "ಅಲ್ಲಿ ನಾನು ನಾಲ್ಕು ವರ್ಷ ಬಾಯಿ ಬಿಡದೇ ಇದ್ರೂ ಯಾರಿಗೂ ಗೊತ್ತಾಗಲ್ಲ, ಬ್ರೆನಾ."

ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದೆ. ಅವಳು ಇನ್ನೂ ಯೋಚಿಸುತ್ತಿದ್ದಳು.

ಏಪ್ರಿಲ್ ಕೊನೆಗೆ ಲೈಲ್ ಅವರ ಪಿಕಪ್‌ನಲ್ಲಿ ಮೂವರೂ ಹ್ಯಾಲೋವೆಲ್‌ಗೆ ಹೋದೆವು. ಅತ್ತೆಗೆ ಆಸ್ಪತ್ರೆಯ ಪಾಳಿ ಇತ್ತು. ಭೇಟಿಗೆ ಬಂದವರು ಒಂದು ತರಗತಿಯಲ್ಲಿ ಕೂರಬಹುದಿತ್ತು. ಹಿಂದಿನ ಸಾಲಿನಲ್ಲಿ ಕೂತರಾಯಿತು ಎಂದುಕೊಂಡಿದ್ದ ವಿಲಾ ಬಾಗಿಲಲ್ಲೇ ನಿಂತಳು. ಹಿಂದಿನ ಸಾಲೇ ಇರಲಿಲ್ಲ. ಒಂದೇ ಉದ್ದನೆಯ ಮೇಜು, ಸುತ್ತ ಹತ್ತು ಹನ್ನೆರಡು ಮಕ್ಕಳು. ನಮ್ಮ ಹೆಸರು ಕೇಳಿಕೊಂಡು ನಮಗೂ ಮೇಜಿನ ಬಳಿಯೇ ಕುರ್ಚಿ ಎಳೆದುಕೊಟ್ಟರು. ಪಾಠ ಹೇಳುವ ನರೆಗೂದಲ ಹೆಂಗಸನ್ನು ಮಕ್ಕಳು ಬರೀ ರೂತ್ ಎಂದು ಕರೆಯುತ್ತಿದ್ದರು. ಲೈಲ್ ಅವರ ಹುಬ್ಬು ಮೇಲೇರಿತು.

ತರಗತಿ ಶುರುವಾದದ್ದು ಮೌನದಿಂದ. ಅಲ್ಲಿಯ ಪದ್ಧತಿ ಅದು. ಯಾರೂ ಕಣ್ಣು ಮುಚ್ಚಲಿಲ್ಲ, ಕೈ ಮುಗಿಯಲಿಲ್ಲ, ಸುಮ್ಮನೆ ಕೂತರು. ಲೈಲ್ ಕೆಮ್ಮಿದರು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು, ಮತ್ತೆ ಕೆಮ್ಮಿದರು. ನನಗೆ ಮಾತ್ರ ಬಹಳ ದಿನಗಳ ಮೇಲೆ ಒಂದು ಕೋಣೆಯಲ್ಲಿ ಆರಾಮವೆನಿಸಿತು.

ಅಂದಿನ ಚರ್ಚೆ, ಒಂದು ವಸ್ತುವಿನ ಬೆಲೆಯನ್ನು ತೀರ್ಮಾನಿಸುವವರು ಯಾರು ಎನ್ನುವುದು. ಮಾಡಿದವನು ಎಂದು ಒಬ್ಬಳು ಅಂದಳು, ಕೊಳ್ಳುವವನು ಎಂದು ಇನ್ನೊಬ್ಬ. ಸ್ವಲ್ಪ ಹೊತ್ತು ಎಳೆದಾಡಿದರು. ಆಮೇಲೆ ರೂತ್ ನಮ್ಮ ಕಡೆ ತಿರುಗಿದರು.

"ನಿನಗೇನನ್ನಿಸುತ್ತೆ, ವಿಲಾ? ಹೇಳಲೇಬೇಕು ಅಂತೇನಿಲ್ಲ."

ವಿಲಾ ಮೇಜನ್ನು ನೋಡಿದಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಎದುರಿನ ಹುಡುಗ ಪೆನ್ನು ಕೆಳಗಿಟ್ಟ. ಲೈಲ್ ಅವರ ಮೊಣಕಾಲು ಕುಣಿಯುತ್ತಿತ್ತು. ಅವರಿಗೆ ತಡೆದುಕೊಳ್ಳಲಾಗಲಿಲ್ಲ.

"ಅದು ಸುಲಭ, ಮೇಡಂ. ಕೊನೇಲಿ ಕೈ ಎತ್ತಿದವನು ಹೇಳಿದ್ದೇ ಬೆಲೆ. ನಾನು ಮೀಸೆ ಬಂದಾಗಿನಿಂದ ಅದನ್ನೇ ಕೂಗ್ತಾ ಇದೀನಿ."

ಮಕ್ಕಳು ನಕ್ಕರು. ರೂತ್ ಕೂಡ ನಕ್ಕರು.

"ನಿಮ್ಮ ಸರದಿಯೂ ಬರುತ್ತೆ, ಲೈಲ್. ಈಗ ವಿಲಾಳದು."

ಮತ್ತೆ ಕಾದರು. ಲೈಲ್ ಅವರ ಕಿವಿ ಕೆಂಪಾಯಿತು. ಅವರ ಬಾಯಿಗೆ ಯಾರಾದರೂ ಅಡ್ಡ ಕೈ ಇಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಿಲಾ ತಲೆ ಎತ್ತಿದಳು. "ಅಪ್ಪ ಹೇಳಿದ್ದು ನಿಜ, ಆದ್ರೆ ಅರ್ಧ. ಹರಾಜಿನಲ್ಲಿ ಬೆಲೆ ಏರಬೇಕಾದ್ರೆ ಕೈ ಎತ್ತೋರು ಇಬ್ಬರು ಬೇಕು. ಒಬ್ಬರಿಗೆ ಮಾತ್ರ ಬೇಕಾಗಿದ್ರೆ, ಎಷ್ಟೇ ಬೇಕಾಗಿದ್ರೂ, ಅದು ಅಗ್ಗಕ್ಕೆ ಹೋಗುತ್ತೆ." ಅಲ್ಲಿಗೆ ಮಾತು ತಡೆದಳು. ಲೈಲ್ ಉಸಿರೆಳೆದುಕೊಂಡರು. ಅವಳು ಅವರತ್ತ ನೋಡದೆಯೇ ಅಂದಳು, "ಅಪ್ಪಾ, ಇನ್ನೂ ಮುಗಿಸಿಲ್ಲ." ಆಮೇಲೆ, "ಅಗ್ಗಕ್ಕೆ ಹೋಯ್ತು ಅಂತ ಅದು ಅಗ್ಗದ ವಸ್ತು ಅಲ್ಲ. ಎರಡನೇ ಕೈ ಇರಲಿಲ್ಲ, ಅಷ್ಟೇ. ಹಾಗಾಗಿ ಹರಾಜು ಬೆಲೆ ಹೇಳಲ್ಲ. ಅವತ್ತು ಯಾರು ಬಂದಿದ್ರು ಅನ್ನೋದನ್ನ ಹೇಳುತ್ತೆ."

ಯಾರೋ ಅದನ್ನು ಬರೆದುಕೊಂಡರು. ಪೆನ್ನು ಕೆಳಗಿಟ್ಟಿದ್ದ ಹುಡುಗ ಒಪ್ಪಲಿಲ್ಲ, ವಾದಕ್ಕಿಳಿದ. ವಿಲಾ ಯೋಚಿಸಿ ಉತ್ತರಿಸಿದಳು. ಅವನು ಕಾದ. ಕೊನೆಗೆ ರೂತ್ ಲೈಲ್ ಅವರತ್ತ ತಿರುಗಿ ಈಗ ನಿಮ್ಮ ಸರದಿ ಎಂದಾಗ ಅವರು ಬೇಡವೆಂದು ತಲೆಯಾಡಿಸಿದರು. ನಂತರ ಪಕ್ಕದ ಹುಡುಗಿಯತ್ತ ಬಾಗಿ ಮೆಲ್ಲಗೆ, "ಅವಳು ನನ್ನ ಮಗಳು" ಅಂದರು. ಆ ಹುಡುಗಿಗೆ ಅದು ಗೊತ್ತೇ ಇತ್ತು.

ನನಗೆ ಹೆಮ್ಮೆಯಾಯಿತು. ಹಾಗೆ ಏನಾದರೂ ಆಗಿ ಎರಡು ವರ್ಷವಾಗಿತ್ತು.

ವಿಲಾ ಆ ಹುಡುಗನೊಡನೆ ಗ್ರಂಥಾಲಯ ನೋಡಲು ಹೋದಾಗ ಲೈಲ್ ಪಿಕಪ್‌ಗೆ ಒರಗಿ ನಿಂತಿದ್ದರು. ಗ್ಯಾರೆಟ್‌ಗೆ ಆ ದೊಡ್ಡ ಜಾಗ ಎಷ್ಟು ಚೆನ್ನಾಗಿ ಹೊಂದಿತ್ತು ಎಂದರು. ನಾನು ಆ ದಿನ ಆಡಿದ ಮಾತು ಅದೊಂದೇ ಇರಬೇಕು:

"ಅವನು ನಿಮ್ಮ ಥರ. ಇವಳು ಇವಳ ಥರ."

ಅವರು ಟೋಪಿ ಹಾಕಿಕೊಂಡು ಪಿಕಪ್‌ನ ಬೀಗ ತೆಗೆದರು.

ವಾಪಸು ಬರುವಾಗ ರಾಜ್ಯದ ಗಡಿ ದಾಟಿದ ಮೇಲೆ ಅವರು ಒಂದೇ ಪದ ಕೇಳಿದರು. "ಹಾಗಾದ್ರೆ?"

ವಿಲಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಲೈಲ್ ರೇಡಿಯೋ ಹಾಕಲಿಲ್ಲ, ಸಿಳ್ಳೆ ಹಾಕಲಿಲ್ಲ, ಅವಳಿಗಾಗಿ ಉತ್ತರವನ್ನೂ ಹುಡುಕಲಿಲ್ಲ. ಎರಡೂ ಕೈಗಳಲ್ಲಿ ಸ್ಟಿಯರಿಂಗ್ ಹಿಡಿದಿದ್ದರು. ಹೆದ್ದಾರಿಯಿಂದ ನಮ್ಮೂರಿಗೆ ಇಳಿಯುವ ತಿರುವು ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಬೆರಳೆತ್ತಿ ತಡೆದರು. ತಿರುವು ಹಿಂದಾಯಿತು.

"ಹ್ಯಾಲೋವೆಲ್," ಎಂದಳು ವಿಲಾ. "ಏನು ಓದ್ತೀನಿ ಅಂತ ಗೊತ್ತಿಲ್ಲ. ಗೊತ್ತಾಗೋವರೆಗೂ ಅಲ್ಲಿ ಇರೋದಕ್ಕೆ ಬಿಡ್ತಾರೆ ಅನ್ಸುತ್ತೆ. ಆಮೇಲೆ ಆ ಹುಡುಗ ಹೇಳಿದ್ದು ತಪ್ಪು, ಅವನಿಗೆ ಅದನ್ನ ಹೇಳಬೇಕು."

"ಮುಗೀತಾ?"

ಅವಳು ಅದನ್ನೂ ಯೋಚಿಸಿದಳು. "ಮುಗೀತು."

"ಹಾಗಾದ್ರೆ ಈಗ ನಾನು ಹೇಳಬಹುದು," ಎಂದರು ಲೈಲ್. "ನಮ್ಮ ತಿರುವು ಆಗಲೇ ಹಿಂದೆ ಹೋಯ್ತು."

ವಿಲಾ ನಕ್ಕಳು. ಮುಂದಿನ ತಿರುವಿನಲ್ಲಿ ಅವರು ಗಾಡಿ ತಿರುಗಿಸಲಿಲ್ಲ. ನಿನ್ನಮ್ಮನ ಆಸ್ಪತ್ರೆ ಇದೇ ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದಿದೆ, ಅವಳಿಗೆ ಈಗಲೇ ಹೇಳಿಬಿಡೋಣ, ಆದರೆ ಹೇಳುವವಳು ನೀನು ಎಂದು ಮಗಳಿಗೆ ಹೇಳಿ ವೇಗ ಹೆಚ್ಚಿಸಿದರು.